ಮುಟ್ಟಿನ ಅತಿಸ್ರಾವಕ್ಕೆ ಯಾವ ಶಸ್ತ್ರಚಿಕಿತ್ಸೆ: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪ್ರಶ್ನೆಗಳಲ್ಲಿ ಕೆಲವನ್ನು ಹೊರರೋಗಿ ವಿಭಾಗದಲ್ಲಿ ಎದುರಿಗೆ ಕುಳಿತು ಕೇಳಿದ್ದಾರೆ, ಕೆಲವನ್ನು ಬಾಗಿಲ ತನಕ ಹೋಗಿ ತಿರುಗಿ ಬಂದು ತಗ್ಗಿದ ದನಿಯಲ್ಲಿ ಕೇಳಿದ್ದಾರೆ, ಇನ್ನು ಕೆಲವು ಊರಿಗೆ ಮರಳಿದ ಮೇಲೆ ಪತ್ರದಲ್ಲಿ ಬಂದಿವೆ. ಕೇಳಿದವರ ಮಾತನ್ನು ಆದಷ್ಟು ಹಾಗೆಯೇ ಉಳಿಸಿ, ಸ್ತ್ರೀರೋಗ ವೈದ್ಯೆಯಾಗಿ ನಾನು ಕೊಡುತ್ತ ಬಂದಿರುವ ಉತ್ತರಗಳನ್ನು ಕೆಳಗೆ ಬರೆದಿದ್ದೇನೆ. ತಪಾಸಣೆಗೆ ಹೋಗುವ ಮುನ್ನ ಓದಿಕೊಳ್ಳಲು ಇವು ಸಾಕು. ತಪಾಸಣೆಯ ಬದಲಿಗೆ ಸಾಲವು.

## ಮೊದಲು ತಿಳಿದಿರಬೇಕಾದವು

ನನಗೆ ಹೋಗುತ್ತಿರುವುದು ಜಾಸ್ತಿಯೋ, ಇಲ್ಲ ಎಲ್ಲರಿಗೂ ಹೀಗೆಯೇ ಇರುತ್ತದೋ?

ಸಾಮಾನ್ಯವಾಗಿ ಒಂದು ಮುಟ್ಟಿನಲ್ಲಿ ಒಟ್ಟು 30ರಿಂದ 40 ಮಿಲಿಲೀಟರ್ ರಕ್ತ ಹೋಗುತ್ತದೆ. 80 ದಾಟಿದರೆ ಅತಿಸ್ರಾವ ಎಂದು ಹಳೆಯ ಪಠ್ಯಗಳು ಗೆರೆ ಎಳೆದಿದ್ದವು. ಮನೆಯಲ್ಲಿ ಯಾರೂ ಅದನ್ನು ಅಳೆಯಲಾರರಾದ್ದರಿಂದ, ಸ್ರಾವದ ದೆಸೆಯಿಂದ ಕೆಲಸ, ನಿದ್ದೆ, ಓಡಾಟ, ನೆಮ್ಮದಿ ಕೆಡುತ್ತಿವೆಯೇ ಎಂಬುದನ್ನೇ ಈಗ ಮುಖ್ಯವಾಗಿ ನೋಡುತ್ತೇವೆ. ಗಂಟೆ, ಎರಡು ಗಂಟೆಗೊಮ್ಮೆ ಪ್ಯಾಡ್ ಬದಲಾಯಿಸಬೇಕಾಗುವುದು, ಅದಕ್ಕಾಗಿ ರಾತ್ರಿ ಏಳುವುದು, ಅಡಿಕೆಗಿಂತ ದೊಡ್ಡ ಹೆಪ್ಪುಗಳು ಬೀಳುವುದು, ಎಂಟು ದಿನ ದಾಟಿದರೂ ನಿಲ್ಲದಿರುವುದು, ಇವುಗಳಲ್ಲಿ ಒಂದಿದ್ದರೂ ತೋರಿಸಿಕೊಳ್ಳಬೇಕು.

ಸಾರಿಗೆ ಬಸ್ಸಿನ ಕಂಡಕ್ಟರ್ ಒಬ್ಬರು ಎರಡು ಪ್ಯಾಡ್ ಒಟ್ಟಿಗೆ ಇಟ್ಟುಕೊಂಡು, ಕುಳಿತರೆ ಕಲೆ ಬೀಳುತ್ತದೆಂದು ಹುಬ್ಬಳ್ಳಿಯಿಂದ ಬೆಳಗಾವಿಯವರೆಗೆ ನಿಂತೇ ಟಿಕೆಟ್ ಕೊಡುತ್ತಿದ್ದರು. ‘ಜಾಸ್ತಿ ಏನಿಲ್ಲ ಡಾಕ್ಟ್ರೇ, ನಮ್ಮ ಅವ್ವಗೂ ಹಿಂಗ ಇತ್ತು’ ಎಂದರು. ಅವರ ಹಿಮೋಗ್ಲೋಬಿನ್ 6.8 ಇತ್ತು.

ಮುಟ್ಟು ನಿಲ್ಲುವ ವಯಸ್ಸಿಗೆ ಹೀಗೆಲ್ಲ ಆಗುತ್ತದೆ ಎನ್ನುತ್ತಾರೆ. ಇಷ್ಟೊಂದು ಪರೀಕ್ಷೆ ಏಕೆ ಬೇಕು?

ಮುಟ್ಟು ನಿಲ್ಲುವ ಕಾಲದಲ್ಲಿ ತಿಂಗಳುಗಳ ಲೆಕ್ಕ ತಪ್ಪುವುದು ನಿಜ. ಆದರೆ ‘ವಯಸ್ಸಿನ ದೆಸೆ’ ಎಂಬ ಒಂದೇ ಮಾತಿನ ಕೆಳಗೆ ಹತ್ತಾರು ಕಾಯಿಲೆಗಳು ಅಡಗಿ ಕೂರುತ್ತವೆ. ಗರ್ಭಕೋಶದ ಒಳಗೆ ಜೋತುಬಿದ್ದ ಪಾಲಿಪ್, ಗೋಡೆಯಲ್ಲಿ ಬೆಳೆದ ಫೈಬ್ರಾಯ್ಡ್ ಗಡ್ಡೆ, ಒಳಪದರವೇ ಸ್ನಾಯುವಿನೊಳಗೆ ಇಳಿದುಹೋಗುವ ಅಡಿನೋಮಯೋಸಿಸ್, ಒಳಪದರ ದಪ್ಪವಾಗುವುದು, ಅಪರೂಪಕ್ಕೆ ಕ್ಯಾನ್ಸರ್ ಇರಬಹುದು. ಗರ್ಭಕೋಶದ ಹೊರಗಿನ ಕಾರಣಗಳೆಂದರೆ ಥೈರಾಯ್ಡ್ ತೊಂದರೆ, ಅಂಡೋತ್ಪತ್ತಿಯ ಏರುಪೇರು, ರಕ್ತ ಹೆಪ್ಪುಗಟ್ಟುವುದರಲ್ಲಿನ ಹುಟ್ಟುದೋಷ, ರಕ್ತ ತೆಳುವಾಗಿಸುವ ಮಾತ್ರೆಗಳು. ಅಂತಾರಾಷ್ಟ್ರೀಯ ಸ್ತ್ರೀರೋಗ ಮತ್ತು ಪ್ರಸೂತಿ ತಜ್ಞರ ಒಕ್ಕೂಟ 2011ರಲ್ಲಿ ಈ ಕಾರಣಗಳನ್ನೆಲ್ಲ ಒಂಬತ್ತು ಗುಂಪುಗಳಾಗಿ ವಿಂಗಡಿಸಿತು.

ಮುಂದೆ ಬರುವ ಎಲ್ಲ ಉತ್ತರಗಳೂ ಈ ವಿಂಗಡಣೆಯ ಮೇಲೆಯೇ ನಿಂತಿವೆ. ರಕ್ತ ಎಲ್ಲಿಂದ, ಏಕೆ ಬರುತ್ತಿದೆ ಎಂದು ಗೊತ್ತಾಗದೆ ಯಾವ ಶಸ್ತ್ರಚಿಕಿತ್ಸೆ ಒಳ್ಳೆಯದೆಂದು ಹೋಲಿಸಲು ಬರುವುದಿಲ್ಲ. ರಕ್ತಪರೀಕ್ಷೆ, ಗರ್ಭಧಾರಣೆ ಇಲ್ಲವೆಂಬ ಖಾತರಿ, ಗರ್ಭಕೋಶದ ಕೊರಳಿನ ತಪಾಸಣೆ, ಯೋನಿಮಾರ್ಗದ ಸ್ಕ್ಯಾನಿಂಗ್, ಇಷ್ಟು ಎಲ್ಲರಿಗೂ ಬೇಕು. 40–45 ದಾಟಿದವರಿಗೆ ಒಳಪದರದ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿಯೂ ಸೇರುತ್ತದೆ. ಸ್ಥೂಲಕಾಯ, ಮಧುಮೇಹ, ಪಿಸಿಓಡಿ (ಅಂಡಾಶಯಗಳಲ್ಲಿ ಸಣ್ಣ ನೀರುಗುಳ್ಳೆಗಳಾಗುವ ಹಾರ್ಮೋನು ತೊಂದರೆ) ಇದ್ದವರಿಗೆ ಅದಕ್ಕೂ ಮೊದಲೇ ಬೇಕಾಗಬಹುದು. ತೆಳುವಾದ ಪ್ಲಾಸ್ಟಿಕ್ ನಳಿಗೆಯಿಂದ ಹೊರರೋಗಿ ವಿಭಾಗದಲ್ಲಿಯೇ ಇದನ್ನು ಮಾಡಬಹುದು. ಒಂದು ನಿಮಿಷ ಹೊಟ್ಟೆ ಹಿಂಡಿದಂತೆ ನೋಯುತ್ತದೆ ಎಂದು ಮೊದಲೇ ಹೇಳಿಬಿಡುತ್ತೇನೆ.

ಆಪರೇಷನ್ ಇಲ್ಲದೆ ಆಗುವುದೇ ಇಲ್ಲವೇ?

ಬಹುಮಂದಿಗೆ ಆಗುತ್ತದೆ. ಸ್ರಾವದ ದಿನಗಳಲ್ಲಷ್ಟೇ ತೆಗೆದುಕೊಳ್ಳುವ ಟ್ರಾನೆಕ್ಸಾಮಿಕ್ ಆಮ್ಲ ಮತ್ತು ಮೆಫೆನಾಮಿಕ್ ಆಮ್ಲ, ಹಾರ್ಮೋನು ಮಾತ್ರೆಗಳು, ಲಖನೌನ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ಕಂಡುಹಿಡಿದ ಆರ್ಮೆಲಾಕ್ಸಿಫೆನ್ ಇವೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭನಿರೋಧಕವಾಗಿ ‘ಛಾಯಾ’ ಹೆಸರಿನಲ್ಲಿ ಸಿಗುವುದು ಈ ಕೊನೆಯದೇ. ಎಲ್ಲಕ್ಕಿಂತ ಬಲವಾದದ್ದು ಗರ್ಭಕೋಶದೊಳಗೆ ಇಡುವ ಹಾರ್ಮೋನು ವಂಕಿ. ಜನ ಅದನ್ನು ಮಿರೆನಾ ಎಂದೇ ಕರೆಯುತ್ತಾರೆ. ಕಾಪರ್ ಟಿಯಿಂದ ಸ್ರಾವ ಹೆಚ್ಚಾಗಬಹುದು, ಇದರಿಂದ ಕಡಿಮೆಯಾಗುತ್ತದೆ. ಎರಡೂ ಒಂದೇ ಎಂದುಕೊಂಡು ಬೇಡವೆನ್ನುವವರು ಬಹಳ. ಇದರಲ್ಲಿ 52 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್ ಇರುತ್ತದೆ, ಐದು ವರ್ಷ ಕೆಲಸ ಮಾಡುತ್ತದೆ. ಮೊದಲ ಮೂರರಿಂದ ಆರು ತಿಂಗಳು ಆಗಾಗ ಹನಿ ಹನಿ ಕಾಣಿಸಿಕೊಳ್ಳುವುದು ಸಹಜ. ಇದನ್ನು ಮೊದಲೇ ಹೇಳದಿದ್ದರೆ ಎರಡನೇ ತಿಂಗಳಲ್ಲೇ ತೆಗೆಸಲು ಬರುತ್ತಾರೆ, ಆಗ ತಪ್ಪು ವೈದ್ಯರದೇ.

ಎರಡು ಸಲ ಗರ್ಭಕೋಶ ಕ್ಲೀನ್ ಮಾಡಿಸಿದೆ, ಮತ್ತೆ ಶುರುವಾಯಿತು. ಏಕೆ?

‘ಕ್ಲೀನ್ ಮಾಡುವುದು’ ಎಂಬ ಹೆಸರೇ ದಾರಿ ತಪ್ಪಿಸುತ್ತದೆ; ಗರ್ಭಕೋಶದಲ್ಲಿ ಕೊಳೆ ಇರುವುದಿಲ್ಲ. ಡಿ ಅಂಡ್ ಸಿ ಎಂದರೆ ಒಳಪದರದ ಮೇಲ್ಭಾಗವನ್ನು ಕೆರೆದು ತೆಗೆಯುವುದು. ಆ ಪದರ ಪ್ರತಿ ತಿಂಗಳೂ ತಳದಿಂದ ಹೊಸದಾಗಿ ಬೆಳೆಯುವಂಥದು, ಹುಲ್ಲು ಕೊಯ್ದರೆ ಬೇರಿನಿಂದ ಮತ್ತೆ ಚಿಗುರಿದಂತೆ. ಹಾಗಾಗಿ ಒಂದೆರಡು ತಿಂಗಳು ಹಗುರವೆನಿಸಿ ಮತ್ತೆ ಮೊದಲಿನಂತೆಯೇ ಆಗುತ್ತದೆ. ಕಣ್ಣಿಗೆ ಕಾಣದಂತೆ ಕೆರೆಯುವುದರಿಂದ ಮೂಲೆಯಲ್ಲಿದ್ದ ಪಾಲಿಪ್ ಹಾಗೆಯೇ ಉಳಿದುಬಿಡುವುದೂ ಉಂಟು. ಧಾರಾಕಾರ ಸ್ರಾವವನ್ನು ತುರ್ತಾಗಿ ತಡೆಯಲು, ಬಯಾಪ್ಸಿಗೆ ಬೇರೆ ದಾರಿಯಿಲ್ಲದಾಗ ಇದು ಉಪಯೋಗಕ್ಕೆ ಬರುತ್ತದೆ. ಚಿಕಿತ್ಸೆ ಎಂದು ಮೂರನೇ ಸಲ ಮಾಡಿಸಿಕೊಳ್ಳಬೇಡಿ.

ರಕ್ತ ಆರು ಇದೆ. ಆಪರೇಷನ್ ಮಾಡಿದರೆ ರಕ್ತ ಹೋಗುವುದೇ ನಿಲ್ಲುತ್ತದಲ್ಲ, ಮೊದಲು ಅದನ್ನೇ ಮಾಡಬಾರದೇ?

ಆರು ಗ್ರಾಂ ಹಿಮೋಗ್ಲೋಬಿನ್ ಇದ್ದವರಿಗೆ ಶಸ್ತ್ರಚಿಕಿತ್ಸೆಯಲ್ಲಿ ಹೋಗುವ ಸ್ವಲ್ಪ ರಕ್ತವೂ ಹೃದಯಕ್ಕೆ ಭಾರವಾಗುತ್ತದೆ, ಗಾಯ ಮಾಯುವುದು ನಿಧಾನವಾಗುತ್ತದೆ, ಸೋಂಕು ಬೇಗ ತಗಲುತ್ತದೆ. ಮಾತ್ರೆಗಳಿಂದ ಎರಡು ಮೂರು ತಿಂಗಳು ಮುಟ್ಟನ್ನೇ ತಡೆದಿಟ್ಟು, ಕಬ್ಬಿಣದ ಅಂಶವನ್ನು ನರದ ಮೂಲಕ ಕೊಟ್ಟರೆ ಎಷ್ಟೋ ಬಾರಿ ರಕ್ತ ಹಾಕಿಸುವ ಪ್ರಮೇಯವೇ ಬರುವುದಿಲ್ಲ. ಆದರೆ ತಲೆಸುತ್ತಿ ಬೀಳುವುದು, ಮಲಗಿದ್ದರೂ ಎದೆ ಹೊಡೆದುಕೊಳ್ಳುವುದು, ಗಂಟೆಗೊಂದು ಪ್ಯಾಡ್ ತೊಯ್ಯುತ್ತಲೇ ಇರುವುದು ಕಂಡರೆ ಅದು ತುರ್ತು. ಅಂದೇ ಆಸ್ಪತ್ರೆಗೆ ಬರಬೇಕು.

## ಗರ್ಭಕೋಶ ಉಳಿಸುವ ಶಸ್ತ್ರಚಿಕಿತ್ಸೆಗಳು

ಸ್ಕ್ಯಾನಿಂಗ್‌ನಲ್ಲಿ ಪಾಲಿಪ್ ಎಂದು ಬರೆದಿದ್ದಾರೆ. ಗರ್ಭಕೋಶವನ್ನೇ ತೆಗೆಯಬೇಕೇ?

ಬೇಡ. ಗರ್ಭಕೋಶದ ಬಾಯಿಯ ಮೂಲಕ ಸಣ್ಣ ಕ್ಯಾಮೆರಾ ಹಾಕಿ ನೋಡುವ ಹಿಸ್ಟರೋಸ್ಕೋಪಿಯಲ್ಲಿ ಪಾಲಿಪ್ಪನ್ನು ಬುಡದಿಂದ ಕತ್ತರಿಸಿ ತೆಗೆಯಬಹುದು. ಹೊಟ್ಟೆಯ ಮೇಲೆ ಒಂದು ಗೀರೂ ಇರುವುದಿಲ್ಲ. ಸಾಮಾನ್ಯವಾಗಿ ಬೆಳಿಗ್ಗೆ ಬಂದವರು ಸಂಜೆಗೆ ಮನೆಗೆ ಹೋಗುತ್ತಾರೆ.

ಪರದೆಯ ಮೇಲೆ ನೋಡಿದರೆ ಸಂಗತಿ ಎಷ್ಟು ಸರಳವೆಂದು ತಿಳಿಯುತ್ತದೆ. ಗರ್ಭಕೋಶದ ಒಳಗು ನಸುಗೆಂಪಿನ ಸಣ್ಣ ಗುಹೆಯಂತಿರುತ್ತದೆ, ಎರಡು ಮೂಲೆಗಳಲ್ಲಿ ನಳಿಕೆಗಳ ಬಾಯಿ ಕಪ್ಪು ಚುಕ್ಕೆಗಳಂತೆ ಕಾಣುತ್ತವೆ, ನಡುವೆ ದ್ರಾಕ್ಷಿಯಷ್ಟು ಗಾತ್ರದ ಪಾಲಿಪ್ ನೀರಿನಲ್ಲಿ ಅತ್ತಿತ್ತ ತೂಗಾಡುತ್ತಿರುತ್ತದೆ. ಆರು ತಿಂಗಳಿಂದ ಒಬ್ಬರ ಬದುಕನ್ನು ಕೆಡಿಸಿದ್ದು ಅಷ್ಟೇ. ತೆಗೆದದ್ದನ್ನು ಬಯಾಪ್ಸಿಗೆ ಕಳಿಸಲೇಬೇಕು. ಒಳಗಿನ ಜಾಗ ಹಿಗ್ಗಲೆಂದು ಬಿಡುವ ದ್ರವ ರಕ್ತಕ್ಕೆ ಸೇರಿಕೊಳ್ಳುತ್ತದೆಯಾದ್ದರಿಂದ, ಎಷ್ಟು ಒಳಗೆ ಹೋಯಿತು, ಎಷ್ಟು ಹೊರಗೆ ಬಂತು ಎಂದು ಒಬ್ಬ ಸಿಸ್ಟರ್ ಉದ್ದಕ್ಕೂ ಲೆಕ್ಕ ಇಡುತ್ತಿರುತ್ತಾರೆ. ಪಾಲಿಪ್‌ನಂಥ ಚಿಕ್ಕ ಕೆಲಸದಲ್ಲಿ ಅದು ತೊಂದರೆಯಾಗುವುದು ಅಪರೂಪ. ದೊಡ್ಡ ಗಡ್ಡೆ ಕತ್ತರಿಸುವಾಗ, ಲವಣಜಲದ ವ್ಯತ್ಯಾಸ 2500 ಮಿಲಿಲೀಟರ್ ಮುಟ್ಟಿದರೆ ಕೆಲಸ ಅರ್ಧವಾಗಿದ್ದರೂ ನಿಲ್ಲಿಸುತ್ತೇವೆ.

ಗಡ್ಡೆ ಐದು ಸೆಂಟಿಮೀಟರ್ ಇದೆ. ಗಡ್ಡೆಯನ್ನಷ್ಟೇ ತೆಗೆಯಬಹುದೇ?

ಗಾತ್ರವನ್ನು ಎಲ್ಲರೂ ಕೇಳುತ್ತಾರೆ, ಜಾಗವನ್ನು ಯಾರೂ ಕೇಳುವುದಿಲ್ಲ. ಗರ್ಭಕೋಶದ ಹೊರಮೈಯಲ್ಲಿ ಬೆಳೆದ ಏಳು ಸೆಂಟಿಮೀಟರ್ ಗಡ್ಡೆ ಹನಿ ರಕ್ತವನ್ನೂ ಹೆಚ್ಚಿಸದೆ ಇರಬಹುದು. ಒಳಪದರದ ಕೆಳಗೆ ಕೂತ ಒಂದೂವರೆ ಸೆಂಟಿಮೀಟರ್ ಗಡ್ಡೆ ಹಿಮೋಗ್ಲೋಬಿನ್ ಅನ್ನು ಐದಕ್ಕೆ ಇಳಿಸಬಹುದು. ಸ್ಕ್ಯಾನಿಂಗ್ ವರದಿಯಲ್ಲಿ ‘ಸಬ್‌ಮ್ಯೂಕಸ್’ ಎಂದು ಬರೆದಿದ್ದರೆ ಎರಡನೆಯ ಬಗೆ. ಅದರ ಹೆಚ್ಚಿನ ಪಾಲು ಒಳಗಿನ ಗುಹೆಯತ್ತ ಚಾಚಿದ್ದು ಗಾತ್ರವೂ ಮಿತಿಯಲ್ಲಿದ್ದರೆ ಹಿಸ್ಟರೋಸ್ಕೋಪಿಯಿಂದಲೇ ಚೂರು ಚೂರಾಗಿ ಹೆರೆದು ತೆಗೆಯಬಹುದು. ಒಂದೇ ಬಾರಿಗೆ ಮುಗಿಯದೆ ಎರಡನೇ ಸಲ ಬೇಕಾಗಬಹುದು.

ಗೋಡೆಯೊಳಗೆ ಹುದುಗಿದ ಗಡ್ಡೆಯನ್ನು ಲ್ಯಾಪರೋಸ್ಕೋಪಿಯಿಂದಲೋ (ಹೊಟ್ಟೆಯಲ್ಲಿ ಸಣ್ಣ ರಂಧ್ರಗಳನ್ನು ಮಾಡಿ, ಕ್ಯಾಮೆರಾ ಹಾಕಿ ಮಾಡುವ ಶಸ್ತ್ರಚಿಕಿತ್ಸೆ) ಹೊಟ್ಟೆ ಕೊಯ್ದೋ ತೆಗೆದು, ಗರ್ಭಕೋಶವನ್ನು ಪದರ ಪದರವಾಗಿ ಹೊಲಿಯಬೇಕು. ಮುಂದೆ ಮಕ್ಕಳು ಬೇಕೆನ್ನುವವರಿಗೆ ಇದೇ ಮುಖ್ಯ ದಾರಿ. ಇದರ ಬೆಲೆಯನ್ನೂ ಹೇಳಬೇಕು. ಈ ಶಸ್ತ್ರಚಿಕಿತ್ಸೆಯಲ್ಲಿ ಸಾಕಷ್ಟು ರಕ್ತ ಹೋಗಬಹುದು, ಕಾಣದೆ ಉಳಿದ ಸಣ್ಣ ಗಡ್ಡೆಗಳು ವರ್ಷಗಳ ಮೇಲೆ ಬೆಳೆಯಬಹುದು, ಹೊಲಿಗೆ ಆಳವಾಗಿದ್ದರೆ ಮುಂದಿನ ಹೆರಿಗೆ ಸಿಸೇರಿಯನ್ ಆಗಬೇಕಾಗಬಹುದು.

ಒಳಪದರ ಸುಡುವ ಚಿಕಿತ್ಸೆ ಎಂದರೇನು? ಸುಟ್ಟರೆ ನೋವಾಗುವುದಿಲ್ಲವೇ?

ಡಿ ಅಂಡ್ ಸಿಯಲ್ಲಿ ಉಳಿದುಹೋಗುವ ತಳದ ಪದರವನ್ನೇ ಇಲ್ಲಿ ನಾಶ ಮಾಡಲಾಗುತ್ತದೆ. ಇದರ ಹೆಸರು ಎಂಡೋಮೆಟ್ರಿಯಲ್ ಅಬ್ಲೇಷನ್. ಹಿಸ್ಟರೋಸ್ಕೋಪಿನಲ್ಲಿ ನೋಡುತ್ತಲೇ ವಿದ್ಯುತ್ ತಂತಿಯಿಂದ ಹೆರೆಯುವುದು ಅಥವಾ ಗುಂಡಿನಂಥ ಉಪಕರಣದಿಂದ ಉಜ್ಜಿ ಸುಡುವುದು ಮೊದಲ ತಲೆಮಾರಿನ ವಿಧಾನ. ಇದಕ್ಕೆ ಕೈಚಳಕ ಬೇಕು. ಬಿಸಿ ದ್ರವ ತುಂಬಿದ ಬಲೂನನ್ನು ಕೆಲವು ನಿಮಿಷ ಒಳಗಿಡುವುದು, ಬಲೆಯಾಕಾರದ ಉಪಕರಣದಿಂದ ಒಂದೂವರೆ ನಿಮಿಷದಷ್ಟು ರೇಡಿಯೋ ತರಂಗ ಹಾಯಿಸುವುದು ಎರಡನೆಯ ತಲೆಮಾರಿನವು. ಅರಿವಳಿಕೆ ಇರುವುದರಿಂದ ಆಗ ನೋವು ತಿಳಿಯುವುದಿಲ್ಲ. ಆಮೇಲೆ ಒಂದು ದಿನ ಮುಟ್ಟಿನ ಹೊಟ್ಟೆನೋವಿನಂತೆ ನೋಯುತ್ತದೆ, ಎರಡು ಮೂರು ವಾರ ನೀರುನೀರಾದ ಸ್ರಾವ ಇರುತ್ತದೆ.

ಗುರಿ ಮುಟ್ಟನ್ನು ಪೂರ್ತಿ ನಿಲ್ಲಿಸುವುದಲ್ಲ, ಹದಕ್ಕೆ ತರುವುದು. ಕೆಲವರಿಗೆ ಪೂರ್ತಿ ನಿಲ್ಲುತ್ತದೆ, ಹಲವರಿಗೆ ಎರಡು ಮೂರು ದಿನದ ಹಗುರ ಸ್ರಾವ ಉಳಿಯುತ್ತದೆ, ಕೆಲವರಿಗೆ ಏನೂ ಬದಲಾಗುವುದಿಲ್ಲ. ಒಳಪದರದಲ್ಲಿ ಕ್ಯಾನ್ಸರ್ ಅಥವಾ ಅದರ ಮುನ್ಸೂಚನೆ ಇದ್ದರೆ, ಗರ್ಭಕೋಶ ತುಂಬ ದೊಡ್ಡದಿದ್ದರೆ, ಮುಂದೆ ಮಕ್ಕಳು ಬೇಕಿದ್ದರೆ ಇದನ್ನು ಮಾಡುವಂತಿಲ್ಲ. ಅಡಿನೋಮಯೋಸಿಸ್ ಆಳವಾಗಿದ್ದರೆ ಸೋಲುವುದೇ ಹೆಚ್ಚು. ಬಯಾಪ್ಸಿ ಮಾಡದೆ ಅಬ್ಲೇಷನ್ ಮಾಡುವುದು ತಪ್ಪು, ಏಕೆಂದರೆ ಸುಟ್ಟ ಮೇಲೆ ಒಳಗು ಅಂಟಿಕೊಂಡು ಮುಂದೆ ನೋಡುವುದೂ ಪರೀಕ್ಷಿಸುವುದೂ ಕಷ್ಟವಾಗುತ್ತದೆ.

ನನಗೆ ಮಕ್ಕಳಾಗದ ಆಪರೇಷನ್ ಆಗಿದೆ. ಒಳಪದರ ಸುಡಿಸಿಕೊಳ್ಳಬಹುದೇ?

ಮಾಡಿಸಿಕೊಳ್ಳಬಹುದು. ಕರ್ನಾಟಕದಲ್ಲಿ ಮದುವೆಯಾದ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಆ ಶಸ್ತ್ರಚಿಕಿತ್ಸೆ ಆಗಿರುವುದರಿಂದ ಈ ಪ್ರಶ್ನೆ ನಮ್ಮಲ್ಲಿ ಬಲು ಮುಖ್ಯ. ಅಬ್ಲೇಷನ್ ಗರ್ಭನಿರೋಧಕವಲ್ಲ, ಅದರ ನಂತರ ಗರ್ಭ ನಿಂತರೆ ತಾಯಿಗೂ ಮಗುವಿಗೂ ಅಪಾಯ. ಆ ಚಿಂತೆ ನಿಮಗೆ ಬಹುಪಾಲು ಇರುವುದಿಲ್ಲ. ಬೇರೊಂದು ತೊಂದರೆಯ ಸಾಧ್ಯತೆ ಮಾತ್ರ ಇದೆ. ಸುಡದೆ ಉಳಿದ ಮೂಲೆಯ ಒಳಪದರದಿಂದ ರಕ್ತ ಬಂದು, ಕೆಳಗೆ ಅಂಟಿಕೊಂಡ ಗರ್ಭಕೋಶ, ಮೇಲೆ ಕಟ್ಟಿದ ನಳಿಕೆ, ಎರಡರ ನಡುವೆ ಸಿಕ್ಕಿಬಿದ್ದರೆ ತಿಂಗಳಿಗೊಮ್ಮೆ ಒಂದು ಪಕ್ಕದಲ್ಲಿ ತೀವ್ರ ನೋವು ಬರುತ್ತದೆ. ಸ್ರಾವವಿಲ್ಲದೆ ನೋವು ಮಾತ್ರ ಬರುವುದರಿಂದ ಇದನ್ನು ಗ್ಯಾಸ್ಟ್ರಿಕ್ ಎಂದು ತಿಂಗಳುಗಟ್ಟಲೆ ಮಾತ್ರೆ ನುಂಗಿದವರಿದ್ದಾರೆ.

ತೊಡೆಯ ರಕ್ತನಾಳದಿಂದ ಹೋಗಿ ಗಡ್ಡೆ ಒಣಗಿಸುತ್ತಾರಂತೆ. ಅದು ಒಳ್ಳೆಯದಲ್ಲವೇ?

ಅದು ಎಂಬೊಲೈಸೇಷನ್. 1995ರಲ್ಲಿ ಫ್ರಾನ್ಸಿನ ವೈದ್ಯರ ತಂಡವೊಂದು ಗಡ್ಡೆಗಳಿಗೆ ಇದನ್ನು ಬಳಸಿದ ವರದಿ ಪ್ರಕಟಿಸಿತು. ತೊಡೆಸಂದಿಯ ಅಥವಾ ಮಣಿಕಟ್ಟಿನ ರಕ್ತನಾಳದಿಂದ ತೆಳುವಾದ ನಳಿಗೆ ಸಾಗಿಸಿ, ಗರ್ಭಕೋಶದ ಎರಡೂ ಅಪಧಮನಿಗಳಲ್ಲಿ ಮರಳಿನಂಥ ಸೂಕ್ಷ್ಮ ಕಣಗಳನ್ನು ಬಿಡುತ್ತಾರೆ. ರಕ್ತ ಸಿಗದೆ ಗಡ್ಡೆ ಕುಗ್ಗುತ್ತದೆ. ಮಾಡುವವರು ಸ್ತ್ರೀರೋಗ ತಜ್ಞರಲ್ಲ, ಇಂಟರ್ವೆನ್ಷನಲ್ ರೇಡಿಯಾಲಜಿ ತಜ್ಞರು. ಹಾಗಾಗಿ ದೊಡ್ಡ ಊರುಗಳ ಆಸ್ಪತ್ರೆಗಳಲ್ಲಷ್ಟೇ ಸಿಗುತ್ತದೆ, ಎಷ್ಟೋ ರೋಗಿಗಳಿಗೆ ಈ ದಾರಿ ಇದೆಯೆಂದು ಯಾರೂ ಹೇಳಿರುವುದೂ ಇಲ್ಲ.

ಗಾಯವಿಲ್ಲ, ಪೂರ್ತಿ ಅರಿವಳಿಕೆ ಬೇಕಿಲ್ಲ, ಆಸ್ಪತ್ರೆ ವಾಸ ಕಡಿಮೆ. ಮೊದಲ 24 ಗಂಟೆಯ ನೋವು ಮಾತ್ರ ಜೋರು. ದೀರ್ಘಾವಧಿಯ ಲೆಕ್ಕವನ್ನೂ ನೋಡಬೇಕು. ನೆದರ್ಲೆಂಡ್ಸ್‌ನಲ್ಲಿ ಎಂಬೊಲೈಸೇಷನ್ ಮಾಡಿಸಿಕೊಂಡವರನ್ನು ಹತ್ತು ವರ್ಷ ಹಿಂಬಾಲಿಸಿದಾಗ, ಸುಮಾರು ಮೂರರಲ್ಲೊಬ್ಬರು ಕೊನೆಗೆ ಗರ್ಭಕೋಶ ತೆಗೆಸಿಕೊಂಡಿದ್ದರು. ತಿರುಗಿಸಿ ಹೇಳಿದರೆ ಮೂವರಲ್ಲಿ ಇಬ್ಬರು ದೊಡ್ಡ ಶಸ್ತ್ರಚಿಕಿತ್ಸೆಯಿಂದ ಪಾರಾಗಿದ್ದರು. ಬ್ರಿಟನ್ನಿನಲ್ಲಿ 254 ಮಹಿಳೆಯರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎರಡು ವರ್ಷದ ನಂತರದ ಜೀವನಮಟ್ಟ ಎಂಬೊಲೈಸೇಷನ್‌ಗಿಂತ ಗಡ್ಡೆ ತೆಗೆಸಿಕೊಂಡವರಲ್ಲಿ ಚೆನ್ನಾಗಿತ್ತು. ಮುಂದೆ ಮಗು ಬೇಕೆನ್ನುವವರಿಗೆ ಇದನ್ನು ಮೊದಲ ಆಯ್ಕೆಯಾಗಿ ನಾನು ಹೇಳುವುದಿಲ್ಲ.

## ಗರ್ಭಕೋಶ ತೆಗೆಸುವ ಬಗ್ಗೆ

ಕೆಳಗಿನಿಂದಲೋ, ಲ್ಯಾಪರೋಸ್ಕೋಪಿಯೋ, ಹೊಟ್ಟೆ ಕೊಯ್ದೋ? ಯಾವುದು ಒಳ್ಳೆಯದು?

ಸಾಧ್ಯವಿದ್ದಲ್ಲೆಲ್ಲ ಯೋನಿಮಾರ್ಗದಿಂದ ತೆಗೆಯುವುದು ಒಳ್ಳೆಯದು. ಹೊಟ್ಟೆಯ ಮೇಲೆ ಗಾಯವಿರುವುದಿಲ್ಲ, ಚೇತರಿಕೆ ಬೇಗ, ಖರ್ಚೂ ಕಡಿಮೆ. ಗರ್ಭಕೋಶ ಜಾರಿಲ್ಲದವರಿಗೂ ಇದನ್ನು ಮಾಡಬಹುದು ಎಂಬುದು ಎಷ್ಟೋ ಜನರಿಗೆ ಗೊತ್ತಿಲ್ಲ. ಅದು ಆಗದಿದ್ದರೆ ಲ್ಯಾಪರೋಸ್ಕೋಪಿ. ಗರ್ಭಕೋಶ ಬಹಳ ದೊಡ್ಡದಿದ್ದಾಗ, ಹಿಂದಿನ ಶಸ್ತ್ರಚಿಕಿತ್ಸೆಗಳಿಂದ ಕರುಳು, ಮೂತ್ರಕೋಶ ಬಲವಾಗಿ ಅಂಟಿಕೊಂಡಿದ್ದಾಗ, ಕ್ಯಾನ್ಸರ್ ಶಂಕೆ ಇದ್ದಾಗ ಹೊಟ್ಟೆ ಕೊಯ್ಯಬೇಕಾಗಬಹುದು. ರೋಬಾಟ್‌ನಿಂದ ಮಾಡಿದರೆ ಬಿಲ್ ದೊಡ್ಡದಾಗುತ್ತದೆ. ಕ್ಯಾನ್ಸರ್ ಇಲ್ಲದ ಸಾಮಾನ್ಯ ಗರ್ಭಕೋಶಕ್ಕೆ ಲ್ಯಾಪರೋಸ್ಕೋಪಿಗಿಂತ ಹೆಚ್ಚಿನ ಲಾಭವನ್ನು ನಾನು ಕಂಡಿಲ್ಲ. ನಿಮ್ಮ ವೈದ್ಯರಿಗೆ ಯಾವ ವಿಧಾನ ಕೈಗೆ ಕೂತಿದೆ ಎಂಬುದೂ ದೊಡ್ಡ ಸಂಗತಿ, ಅದನ್ನು ಕೇಳಲು ಸಂಕೋಚ ಬೇಡ.

ಯಾವ ದಾರಿಯಲ್ಲಿ ಹೋದರೂ ನಾವು ಹೆದರುವ ಜಾಗ ಒಂದಿದೆ. ಮೂತ್ರಪಿಂಡದಿಂದ ಇಳಿದು ಬರುವ ಮೂತ್ರನಾಳ ಗರ್ಭಕೋಶದ ಕೊರಳಿನಿಂದ ಒಂದೂವರೆ, ಎರಡು ಸೆಂಟಿಮೀಟರ್ ಪಕ್ಕದಲ್ಲೇ ಅಪಧಮನಿಯ ಅಡಿಯಲ್ಲಿ ಹಾಯುತ್ತದೆ. ಸೇತುವೆಯ ಕೆಳಗೆ ನೀರು ಎಂದು ವಿದ್ಯಾರ್ಥಿಗಳಿಗೆ ಕಲಿಸುತ್ತೇವೆ. ಅಪಧಮನಿಯನ್ನು ಕಟ್ಟುವ ಗಳಿಗೆಯಲ್ಲಿ ಥಿಯೇಟರಿನಲ್ಲಿ ಯಾರೂ ಮಾತಾಡುವುದಿಲ್ಲ. ಮೂತ್ರನಾಳಕ್ಕೋ ಮೂತ್ರಕೋಶಕ್ಕೋ ಪೆಟ್ಟಾಗುವುದು ನೂರಕ್ಕೆ ಒಬ್ಬರ ಆಸುಪಾಸು. ಕಡಿಮೆಯೇ ಸರಿ, ಸೊನ್ನೆಯಲ್ಲ.

ಹೇಗೂ ತೆಗೆಯುತ್ತೀರಿ, ಅಂಡಾಶಯವನ್ನೂ ತೆಗೆದುಬಿಡಿ. ಮುಂದೆ ಕ್ಯಾನ್ಸರ್ ಭಯ ಇರುವುದಿಲ್ಲವಲ್ಲ?

ಮುಟ್ಟು ನಿಲ್ಲುವ ಮುನ್ನ ಎರಡೂ ಅಂಡಾಶಯ ತೆಗೆದರೆ ಮರುದಿನದಿಂದಲೇ ಹಾರ್ಮೋನು ನಿಂತುಹೋಗುತ್ತದೆ. ಮೈ ಬಿಸಿಯೇರುವುದು, ನಿದ್ದೆಗೇಡು ಅವುಗಳಲ್ಲಿ ಚಿಕ್ಕವು. ಮೂಳೆ ಸವೆಯುವುದೂ ಹೃದ್ರೋಗದ ಸಾಧ್ಯತೆ ಹೆಚ್ಚುವುದೂ ದೊಡ್ಡವು. ಮೂವತ್ತೈದರಲ್ಲಿ ಇದಾದರೆ ಹದಿನೈದು ವರ್ಷ ಮುಂಚೆಯೇ ಮುದಿತನವನ್ನು ತಂದುಕೊಂಡಂತೆ. ಸ್ತನ ಮತ್ತು ಅಂಡಾಶಯದ ಕ್ಯಾನ್ಸರಿನ ಸಾಧ್ಯತೆ ಹೆಚ್ಚಿಸುವ ಬ್ರಾಕಾ (BRCA) ಜೀನಿನ ದೋಷ ವಂಶಪಾರಂಪರ್ಯವಾಗಿ ಇರುವವರ ಮಾತು ಬೇರೆ, ಅವರಿಗೆ ತೆಗೆಯುವುದೇ ಕ್ಷೇಮ. ಉಳಿದವರಲ್ಲಿ ಅಂಡಾಶಯ ಚೆನ್ನಾಗಿದ್ದರೆ ಬಿಟ್ಟು, ನಳಿಕೆಗಳನ್ನು ಮಾತ್ರ ತೆಗೆಯುತ್ತೇವೆ, ಏಕೆಂದರೆ ಅಂಡಾಶಯದ ಕ್ಯಾನ್ಸರ್ ಎನ್ನುವುದರಲ್ಲಿ ಹಲವು ಹುಟ್ಟುವುದು ನಳಿಕೆಯ ತುದಿಯಲ್ಲಿ. ಅಂಡಾಶಯ ಉಳಿಸಿದರೂ ಮುಟ್ಟು ನಿಲ್ಲುವ ಲಕ್ಷಣಗಳು ಒಂದೆರಡು ವರ್ಷ ಮುಂಚೆ ಬರಬಹುದು.

ತೆಗೆಸಿದರೆ ದಪ್ಪಗಾಗುತ್ತಾರೆ, ಸೊಂಟ ಬಿದ್ದುಹೋಗುತ್ತದೆ, ಗಂಡನ ಜೊತೆ ಇರಲಾಗುವುದಿಲ್ಲ ಎನ್ನುತ್ತಾರೆ. ನಿಜವೇ?

ಮೂರನೆಯದನ್ನು ಕೇಳಲೆಂದೇ ಮೊದಲೆರಡನ್ನು ಕೇಳುತ್ತಾರೆ ಎಂದು ನನಗೆ ಗೊತ್ತು. ಯೋನಿಯ ಮೇಲ್ತುದಿಯನ್ನು ಹೊಲಿದಿರುತ್ತೇವೆ, ಅದು ಮಾಯಲು ಆರರಿಂದ ಎಂಟು ವಾರ ಬೇಕು, ಆಮೇಲೆ ದಾಂಪತ್ಯಕ್ಕೆ ಅಡ್ಡಿಯಿಲ್ಲ. ನೋವು, ಸ್ರಾವದ ಭಯ ಹೋದದ್ದರಿಂದ ಮೊದಲಿಗಿಂತ ನೆಮ್ಮದಿ ಎಂದವರೇ ಹೆಚ್ಚು. ಅಂಡಾಶಯವನ್ನೂ ತೆಗೆದಿದ್ದರೆ ಒಣಗುವಿಕೆ ಆಗಬಹುದು, ಅದಕ್ಕೆ ಮುಲಾಮು ಇದೆ. ಗರ್ಭಕೋಶ ಹೋದ ಮಾತ್ರಕ್ಕೆ ಕೊಬ್ಬು ಬೆಳೆಯುವುದಿಲ್ಲ. ಮೂರು ತಿಂಗಳು ಎದ್ದು ಓಡಾಡದೆ ತುಪ್ಪದ ಬಾಣಂತನ ಮಾಡಿಸಿಕೊಂಡರೆ ಯಾರಿಗಾದರೂ ಬೆಳೆಯುತ್ತದೆ. ಸೊಂಟನೋವಿಗೆ ಮೊದಲೇ ಬೇರೆ ಕಾರಣವಿದ್ದರೆ ಗರ್ಭಕೋಶ ತೆಗೆದರೂ ಅದು ಉಳಿಯುತ್ತದೆ. ಆದ್ದರಿಂದಲೇ ಬರೀ ಸೊಂಟನೋವಿಗೆಂದು ತೆಗೆಸಬಾರದು.

ಎಷ್ಟು ದಿನಕ್ಕೆ ಕೆಲಸಕ್ಕೆ ಹೋಗಬಹುದು?

ಹಿಸ್ಟರೋಸ್ಕೋಪಿ, ಅಬ್ಲೇಷನ್ ಆದರೆ ಎರಡು ಮೂರು ದಿನ. ಎಂಬೊಲೈಸೇಷನ್ ಆದರೆ ಒಂದೆರಡು ವಾರ. ಯೋನಿಮಾರ್ಗ ಅಥವಾ ಲ್ಯಾಪರೋಸ್ಕೋಪಿಯಿಂದ ಗರ್ಭಕೋಶ ತೆಗೆದಿದ್ದರೆ ಕುಳಿತು ಮಾಡುವ ಕೆಲಸಕ್ಕೆ ಮೂರು ನಾಲ್ಕು ವಾರ, ಹೊಟ್ಟೆ ಕೊಯ್ದಿದ್ದರೆ ಆರು ವಾರ. ಕೊಡ ಎತ್ತುವುದು, ಹುಲ್ಲಿನ ಹೊರೆ ಹೊರುವುದು ಇದ್ದರೆ ಯಾವ ವಿಧಾನವಾದರೂ ಎರಡು ಮೂರು ತಿಂಗಳು ಬೇಡ. ಇದನ್ನು ಮನೆಯವರನ್ನೂ ಕೂರಿಸಿಕೊಂಡು ಹೇಳುತ್ತೇನೆ.

## ಹೋಲಿಸಿ ನಿರ್ಧರಿಸುವಾಗ

ಮಿರೆನಾ, ಸುಡುವುದು, ತೆಗೆಯುವುದು. ಮೂರರಲ್ಲಿ ನಿಜವಾಗಿ ಯಾವುದು ಮೇಲು?

ಗಡ್ಡೆ, ಪಾಲಿಪ್, ಕ್ಯಾನ್ಸರ್ ಯಾವುದೂ ಇಲ್ಲದವರಿಗಷ್ಟೇ ಈ ಮೂರನ್ನು ನೇರವಾಗಿ ಹೋಲಿಸಬಹುದು. ಫಿನ್ಲೆಂಡಿನಲ್ಲಿ 236 ಮಹಿಳೆಯರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಹಾರ್ಮೋನು ವಂಕಿ, ಇನ್ನೊಂದಕ್ಕೆ ಗರ್ಭಕೋಶ ತೆಗೆಯುವ ಶಸ್ತ್ರಚಿಕಿತ್ಸೆ ಕೊಟ್ಟು ಐದು ವರ್ಷ ನೋಡಿದರು. ವಂಕಿಯ ಗುಂಪಿನಲ್ಲಿ ಶೇ 42 ಮಂದಿ ಕೊನೆಗೆ ಗರ್ಭಕೋಶ ತೆಗೆಸಿಕೊಂಡರು. ಆದರೂ ಎರಡೂ ಗುಂಪುಗಳ ಜೀವನಮಟ್ಟ ಒಂದೇ ಆಗಿತ್ತು, ಖರ್ಚು ವಂಕಿಯ ಗುಂಪಿನಲ್ಲಿ ಕಡಿಮೆ. ಇದರಲ್ಲಿ ವಂಕಿ ಸೋತಿತೆಂದು ಓದುವವರೂ ಇದ್ದಾರೆ, ಅರ್ಧಕ್ಕಿಂತ ಹೆಚ್ಚು ಮಂದಿಯ ಗರ್ಭಕೋಶ ಉಳಿಯಿತೆಂದು ಓದುವವರೂ ಇದ್ದಾರೆ. ನಾನು ಎರಡನೆಯವರ ಕಡೆ. ವಂಕಿ ಸೋತರೆ ತೆಗೆಯಬಹುದು, ತೆಗೆದ ಗರ್ಭಕೋಶವನ್ನು ಮತ್ತೆ ಇಡಲು ಬರುವುದಿಲ್ಲ.

ಸುಡುವುದಕ್ಕೂ ತೆಗೆಯುವುದಕ್ಕೂ ಹೋಲಿಕೆ ಬ್ರಿಟನ್ನಿನಲ್ಲಿ ನಡೆಯಿತು. 2019ರಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ, 15 ತಿಂಗಳ ನಂತರ ಅಬ್ಲೇಷನ್ ಆದವರಲ್ಲಿ ಶೇ 87, ಕೊರಳನ್ನು ಉಳಿಸಿ ಲ್ಯಾಪರೋಸ್ಕೋಪಿಯಿಂದ ಗರ್ಭಕೋಶ ತೆಗೆಸಿಕೊಂಡವರಲ್ಲಿ ಶೇ 97 ಮಂದಿ ತೃಪ್ತರಾಗಿದ್ದರು. ಎರಡರಲ್ಲೂ ಗಂಭೀರ ತೊಂದರೆಗಳ ಪ್ರಮಾಣದಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಸ್ರಾವ ಪೂರ್ತಿ ನಿಲ್ಲಬೇಕು, ಮತ್ತೊಮ್ಮೆ ಥಿಯೇಟರಿಗೆ ಬರುವುದು ಬೇಡ ಎನ್ನುವವರಿಗೆ ತೆಗೆಸುವುದರ ಲಾಭ ಸ್ಪಷ್ಟ.

ಇಲ್ಲಿ ವಯಸ್ಸು ಬಹಳ ಲೆಕ್ಕಕ್ಕೆ ಬರುತ್ತದೆ. ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಅಬ್ಲೇಷನ್ ಆದ 3681 ಮಹಿಳೆಯರ ದಾಖಲೆ ನೋಡಿದಾಗ ಒಟ್ಟಾರೆ ಶೇ 21 ಮಂದಿ ಮುಂದೆ ಗರ್ಭಕೋಶ ತೆಗೆಸಿಕೊಂಡಿದ್ದರು. ನಲವತ್ತು ಮತ್ತು ಅದಕ್ಕಿಂತ ಕಡಿಮೆ ವಯಸ್ಸಿನವರಲ್ಲಿ ಅದು ಶೇ 40 ದಾಟಿತ್ತು. ಮುಟ್ಟು ನಿಲ್ಲಲು ಮೂರು ನಾಲ್ಕು ವರ್ಷ ಉಳಿದವರಿಗೆ ಅಬ್ಲೇಷನ್ ಚೆನ್ನಾಗಿ ಒಗ್ಗುತ್ತದೆ, ಮೂವತ್ತೆಂಟರವರಿಗೆ ಅಷ್ಟಾಗಿ ಇಲ್ಲ.

ವಯಸ್ಸು ಮೂವತ್ತೆರಡು. ಇಬ್ಬರು ಮಕ್ಕಳಾದ ಮೇಲೆ ಅದರ ಕೆಲಸ ಮುಗಿಯಿತು, ಬಿಟ್ಟರೆ ಕ್ಯಾನ್ಸರ್ ಆಗುತ್ತದೆ ಎಂದರು. ತೆಗೆಸಲೇ?

ಈ ಮಾತು ಕೇಳಿದೊಡನೆ ಎದ್ದು ಬೇರೊಬ್ಬ ವೈದ್ಯರ ಅಭಿಪ್ರಾಯ ಕೇಳಿ. ಬಿಳಿಮುಟ್ಟು, ಕೊರಳಿನ ಹುಣ್ಣು, ಅಂಡಾಶಯದ ಸಣ್ಣ ನೀರುಗುಳ್ಳೆ, ಗಾತ್ರದಲ್ಲಿ ತುಸು ದೊಡ್ಡದಾದ ಗರ್ಭಕೋಶ, ಇವು ಯಾವುವೂ ತೆಗೆಸಲು ಕಾರಣಗಳಲ್ಲ. ಕೊರಳಿನ ಕ್ಯಾನ್ಸರಿನ ಭಯಕ್ಕೆ ಪ್ಯಾಪ್ ಅಥವಾ ಎಚ್‌ಪಿವಿ ಪರೀಕ್ಷೆ ಇದೆ.

2015–16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ 3.2 ಮಂದಿಗೆ ಗರ್ಭಕೋಶ ಇರಲಿಲ್ಲ. ಆಂಧ್ರಪ್ರದೇಶ, ತೆಲಂಗಾಣಗಳಲ್ಲಿ ಈ ಪ್ರಮಾಣ ಇದರ ದುಪ್ಪಟ್ಟಿಗಿಂತಲೂ ಹೆಚ್ಚು. ದೇಶದಲ್ಲಿ ಆದ ಇಂಥ ಶಸ್ತ್ರಚಿಕಿತ್ಸೆಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಖಾಸಗಿ ಆಸ್ಪತ್ರೆಗಳಲ್ಲಿ ಆದವು. ನಮ್ಮಲ್ಲೂ 2015ರ ಸುಮಾರಿಗೆ ಕಲಬುರಗಿ ಜಿಲ್ಲೆಯ ತಾಂಡಾಗಳ ಲಂಬಾಣಿ ಹೆಂಗಸರ ಗರ್ಭಕೋಶಗಳನ್ನು ಕಾರಣವಿಲ್ಲದೆ ತೆಗೆಯಲಾಗಿದೆ ಎಂಬ ದೂರೆದ್ದು ಆರೋಗ್ಯ ಇಲಾಖೆ ತನಿಖೆ ನಡೆಸಬೇಕಾಯಿತು. ಕಬ್ಬು ಕಡಿಯಲು ನಮ್ಮ ಬೆಳಗಾವಿ, ಬಾಗಲಕೋಟೆ ಕಡೆಗೂ ಬರುವ ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಹೆಂಗಸರಲ್ಲೂ ಬಹಳ ಮಂದಿಯ ಗರ್ಭಕೋಶ ತೆಗೆದಿದ್ದ ಸಂಗತಿ 2019ರಲ್ಲಿ ದೇಶಕ್ಕೇ ತಿಳಿಯಿತು. ಅನಗತ್ಯ ಹಿಸ್ಟರೆಕ್ಟಮಿ, ಅಂದರೆ ಗರ್ಭಕೋಶ ತೆಗೆಯುವುದನ್ನು ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ ರೂಪಿಸಿದ ಮಾರ್ಗಸೂಚಿಯನ್ನು ಮೂರು ತಿಂಗಳಲ್ಲಿ ಜಾರಿಗೆ ತರಬೇಕೆಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಎಲ್ಲ ರಾಜ್ಯಗಳಿಗೆ ಆದೇಶಿಸಿತು. ಎರಡನೆಯ ಅಭಿಪ್ರಾಯ ಕೇಳುವುದು ಮೊದಲ ವೈದ್ಯರಿಗೆ ಅವಮಾನವಲ್ಲ. ಹಾಗೆಂದುಕೊಳ್ಳುವ ವೈದ್ಯರಿದ್ದರೆ ಎರಡನೆಯ ಅಭಿಪ್ರಾಯ ಇನ್ನಷ್ಟು ಅಗತ್ಯ.

ನನ್ನದು ಉಲ್ಟಾ. ಆರು ವರ್ಷದಿಂದ ಸಾಕಾಗಿದೆ, ತೆಗೆಸಬೇಕೆಂದು ನಾನೇ ಹೇಳಿದರೂ ಮುಂದೂಡುತ್ತಿದ್ದಾರೆ.

ಅನಗತ್ಯ ಶಸ್ತ್ರಚಿಕಿತ್ಸೆಯ ಬಗ್ಗೆ ಮಾತಾಡುತ್ತ ಆಡುತ್ತ ಇಂಥವರನ್ನು ನಾವು ಮರೆತಿದ್ದೇವೆ. ನಲವತ್ತಮೂರು ವಯಸ್ಸು, ಅಡಿನೋಮಯೋಸಿಸ್, ಮಾತ್ರೆಗಳಾದವು, ವಂಕಿ ಎರಡು ಸಲ ಹೊರಬಿತ್ತು, ವರ್ಷಕ್ಕೆರಡು ಬಾರಿ ರಕ್ತ ಹಾಕಿಸಿಕೊಳ್ಳುತ್ತಾರೆ. ಅವರಿಗೆ ಇನ್ನೂ ಸ್ವಲ್ಪ ದಿನ ತಡೆದುಕೊಳ್ಳಿ ಎನ್ನುವುದು ಎಚ್ಚರಿಕೆಯಲ್ಲ, ಹೊಣೆ ಜಾರಿಸಿಕೊಳ್ಳುವುದು. ಬೇರೆ ದಾರಿಗಳನ್ನು ವಿವರಿಸಿ ತಿಳಿಸಿದ ಮೇಲೂ ಇದೇ ಬೇಕೆಂದರೆ ಅದು ಸರಿಯಾದ ಚಿಕಿತ್ಸೆ. ಇದುವರೆಗೆ ಏನೇನು ಮಾಡಿದಿರಿ, ಎಷ್ಟು ತಿಂಗಳು, ಏಕೆ ಬಿಟ್ಟಿರಿ ಎಂದು ಒಂದು ಹಾಳೆಯಲ್ಲಿ ಬರೆದು ತನ್ನಿ. ಆ ಹಾಳೆ ಅರ್ಧ ಗಂಟೆಯ ವಾದವನ್ನು ಉಳಿಸುತ್ತದೆ.

ಗಡ್ಡೆಯನ್ನು ಒಳಗೇ ಪುಡಿ ಮಾಡಿ ತೆಗೆದರೆ ಕ್ಯಾನ್ಸರ್ ಹರಡುತ್ತದಂತೆ?

ಫೈಬ್ರಾಯ್ಡ್ ಗಡ್ಡೆ ಕ್ಯಾನ್ಸರ್ ಅಲ್ಲ. ಗಡ್ಡೆ ಎಂದುಕೊಂಡದ್ದು ಅಪರೂಪಕ್ಕೆ ಸಾರ್ಕೋಮ ಎಂಬ ಕ್ಯಾನ್ಸರ್ ಆಗಿರಬಹುದು, ಅದನ್ನು ಮೊದಲೇ ಖಚಿತವಾಗಿ ಹೇಳುವ ಪರೀಕ್ಷೆಯಿಲ್ಲ. ಗಡ್ಡೆಗೆಂದು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಸುಮಾರು 350 ಮಂದಿಯಲ್ಲಿ ಒಬ್ಬರಿಗೆ ಹೀಗಿರಬಹುದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2014ರಲ್ಲಿ ಅಂದಾಜಿಸಿ, ಲ್ಯಾಪರೋಸ್ಕೋಪಿಯಲ್ಲಿ ಪುಡಿ ಮಾಡುವ ಯಂತ್ರದ ಬಗ್ಗೆ ಎಚ್ಚರಿಕೆ ಕೊಟ್ಟಿತು. ಗಡ್ಡೆಯನ್ನು ಚೀಲದೊಳಗೆ ಇಟ್ಟು ತುಂಡು ಮಾಡುತ್ತೀರಾ ಎಂದು ಕೇಳಿ. ಮುಟ್ಟು ನಿಂತ ಮೇಲೂ ಗಡ್ಡೆ ಬೆಳೆಯುತ್ತಿದ್ದರೆ ಪುಡಿ ಮಾಡುವ ವಿಧಾನ ಬೇಡ.

ಆಯುಷ್ಮಾನ್ ಕಾರ್ಡಿನಲ್ಲಿ ಆಗುತ್ತದೆಯೇ?

ಗರ್ಭಕೋಶ ತೆಗೆಯುವ ಶಸ್ತ್ರಚಿಕಿತ್ಸೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಂತೆ ವರ್ಷಕ್ಕೆ 1.5 ಲಕ್ಷ ತನಕ ಮಿತಿ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಆಗದಿದ್ದರೆ ರೆಫರಲ್ ಪತ್ರ ಪಡೆಯಬೇಕು. ಕಾರ್ಡಿನಲ್ಲಿ ಆಗುತ್ತದೆ ಎಂಬ ಒಂದೇ ಕಾರಣಕ್ಕೆ ದೊಡ್ಡ ಶಸ್ತ್ರಚಿಕಿತ್ಸೆಯನ್ನು ಆರಿಸಿಕೊಳ್ಳುವವರನ್ನು ನೋಡಿ ಬೇಸರವಾಗುತ್ತದೆ.

ಸಹಿ ಹಾಕುವ ಮುನ್ನ ಏನು ಕೇಳಬೇಕು, ಆದ ಮೇಲೆ ಏನು ಇಟ್ಟುಕೊಳ್ಳಬೇಕು?

ನನ್ನ ಸ್ರಾವಕ್ಕೆ ಕಾರಣವೇನು, ಬಯಾಪ್ಸಿ ವರದಿ ಬಂತೇ, ಇದಕ್ಕಿಂತ ಚಿಕ್ಕದರಲ್ಲಿ ಮುಗಿಯುವುದಿಲ್ಲವೇ, ಅಂಡಾಶಯವನ್ನು ಬಿಡುತ್ತೀರಾ, ಲ್ಯಾಪರೋಸ್ಕೋಪಿ ಆಗದೆ ಹೊಟ್ಟೆ ಕೊಯ್ಯಬೇಕಾಗಿ ಬಂದರೆ ಏನು, ಇಷ್ಟಕ್ಕೆ ಕನ್ನಡದಲ್ಲಿ ಉತ್ತರ ಸಿಗುವ ತನಕ ಸಹಿ ಹಾಕಬೇಡಿ. ಸಹಿ ನಿಮ್ಮದೇ ಆಗಿರಲಿ. ಯಜಮಾನರು ಹಾಕಿದರೆ ಸಾಕು ಎನ್ನುವ ರೂಢಿಗೆ ಕಾನೂನಿನ ಬಲವಿಲ್ಲ.

ಆದ ಮೇಲೆ ಎರಡು ಕಾಗದ ಬೇಕು. ಒಂದು ಡಿಸ್ಚಾರ್ಜ್ ಸಾರಾಂಶ, ಇನ್ನೊಂದು ತೆಗೆದ ಭಾಗದ ಬಯಾಪ್ಸಿ ವರದಿ. ಎರಡನೆಯದು ವಾರ ಹತ್ತು ದಿನ ತಡವಾಗಿ ಬರುವುದರಿಂದ ಅದನ್ನು ಒಯ್ಯಲು ಯಾರೂ ಮತ್ತೆ ಬರುವುದಿಲ್ಲ. ಹತ್ತು ವರ್ಷದ ಕೆಳಗೆ ಆಪರೇಷನ್ ಆದ ಹೆಂಗಸರು ಬೇರೇನೋ ತೊಂದರೆಗೆ ಬಂದಾಗ ಅಂಡಾಶಯ ಇದೆಯೇ, ಕೊರಳು ಇದೆಯೇ ಎಂದು ಕೇಳುತ್ತೇನೆ. ‘ಎಲ್ಲಾ ತೆಗದಾರ’ ಎನ್ನುತ್ತಾರೆ. ಪರೀಕ್ಷಿಸಿ ನೋಡಿದರೆ ಕೊರಳು ಅಲ್ಲೇ ಇರುತ್ತದೆ, ಹತ್ತು ವರ್ಷದಿಂದ ಪ್ಯಾಪ್ ಪರೀಕ್ಷೆ ಆಗಿರುವುದಿಲ್ಲ. ರೇಷನ್ ಕಾರ್ಡ್ ಇಡುವ ಪ್ಲಾಸ್ಟಿಕ್ ಕವರಿನಲ್ಲೇ ಆ ಎರಡು ಕಾಗದಗಳನ್ನೂ ಇಟ್ಟುಕೊಳ್ಳಿ.